ಅನಿಮಸ್ ನದಿಯ ಹರಿವು ನೋಡುವುದು: ಮೊದಲು ಅಡಿ, ಆಮೇಲೆ ಕ್ಯೂಸೆಕ್

ಅಮೆರಿಕದ ಕೊಲರಾಡೊ ರಾಜ್ಯದ ಸ್ಯಾನ್ ವಾನ್ ಪರ್ವತಗಳಿಂದ ಇಳಿದು ಸಿಲ್ವರ್‌ಟನ್, ಡುರಾಂಗೊ ಊರುಗಳನ್ನು ಹಾದುಹೋಗುವ ಅನಿಮಸ್‌ನಲ್ಲಿ ಹಿಮ ಕರಗಿದ ಹಾಗೆ ನೀರು ಏರುತ್ತದೆ. ಅದರ ಮೇಲೆ ಕಣ್ಣಿಡಲು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆಯಾದ ಯುಎಸ್‌ಜಿಎಸ್‌ನ ಡುರಾಂಗೊ ಮಾಪನ ಕೇಂದ್ರದಿಂದ ಶುರುಮಾಡಿ. ಅದರ ಸಂಖ್ಯೆ 09361500.

ಆ ಕೇಂದ್ರದ ಜಾಲಪುಟದಲ್ಲಿ ಎರಡು ಅಂಕಿ ಸಿಗುತ್ತವೆ: ಅಡಿಗಳಲ್ಲಿ ನೀರಿನ ಮಟ್ಟ, ಅದರ ಕೋಡ್ 00065, ಕ್ಯೂಸೆಕ್‌ನಲ್ಲಿ (ಸೆಕೆಂಡಿಗೆ ಇಷ್ಟು ಘನ ಅಡಿ) ಹರಿವು, ಕೋಡ್ 00060. ಹೆಚ್ಚಿನವರು ಕ್ಯೂಸೆಕ್ ಮಾತ್ರ ನೋಡಿ ಬಿಡುತ್ತಾರೆ. ಎಡವುವುದು ಇಲ್ಲೇ. ಉಪಕರಣ ಸದಾ ಅಳೆಯುತ್ತಿರುವುದು ಮಟ್ಟವನ್ನು, ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ. ಇಷ್ಟು ಮಟ್ಟಕ್ಕೆ ಇಷ್ಟು ಹರಿವು ಎಂಬ ರೇಟಿಂಗ್ ಕೋಷ್ಟಕದಿಂದ ಕ್ಯೂಸೆಕ್ ಲೆಕ್ಕಕ್ಕೆ ಬರುತ್ತದೆ. ಮಟ್ಟ 3 ಅಡಿ ಎಂದರೆ ಹೊಳೆಯ ಆಳ 3 ಅಡಿ ಎಂದಲ್ಲ; ಆ ಕೇಂದ್ರಕ್ಕೆ ಗೊತ್ತುಮಾಡಿದ ಸೊನ್ನೆಯಿಂದ ಅಷ್ಟು ಎತ್ತರ.

ಹಾಗಾಗಿ 7 ದಿನಗಳ ಎರಡೂ ಗ್ರಾಫ್‌ಗಳನ್ನು ಒಂದರ ಕೆಳಗೊಂದು ಇಟ್ಟುಕೊಳ್ಳಿ. ಮಟ್ಟದ ಗೆರೆ ನಯವಾಗಿ ಸಾಗುತ್ತಿದ್ದು ಕ್ಯೂಸೆಕ್ ಗೆರೆ ಮಾತ್ರ ಮೆಟ್ಟಿಲಿನಂತೆ ಜಿಗಿದಿದ್ದರೆ ಹೊಳೆಯಲ್ಲಿ ಏನೂ ಆಗಿಲ್ಲ, ಕಚೇರಿಯಲ್ಲಿ ರೇಟಿಂಗ್ ತಿದ್ದಿದ್ದಾರೆ. ಪ್ರವಾಹದಲ್ಲಿ ತಳದ ಜಲ್ಲಿಕಲ್ಲು ಕೊಚ್ಚಿಹೋದರೆ ಅಥವಾ ಬಂದು ಕೂತರೆ ಹಳೆಯ ಕೋಷ್ಟಕ ಸುಳ್ಳು ಹೇಳತೊಡಗುತ್ತದೆ. ತಾಜಾ ಅಂಕಿಗಳಿಗೆ ‘ಪ್ರಾವಿಶನಲ್’ (ತಾತ್ಕಾಲಿಕ) ಎಂಬ ಹಣೆಪಟ್ಟಿ ಸುಮ್ಮನೆ ಹಚ್ಚಿದ್ದಲ್ಲ. ಚಳಿಗಾಲದ ಮಂಜುಗಡ್ಡೆಯೂ ಹಾಗೆಯೇ: ನೀರಿಗೆ ಅಡ್ಡವಾಗಿ ಮಟ್ಟ ಏರಿಸುತ್ತದೆ, ಹರಿವು ಏರಿರುವುದಿಲ್ಲ. ಮರದ ದಿಮ್ಮಿ ಸಿಕ್ಕಿಕೊಂಡರೆ ಮಟ್ಟ ಏರಿ, ದಿಮ್ಮಿ ಕಳಚಿದ ಕೂಡಲೇ ದಬಕ್ಕನೆ ಬೀಳುತ್ತದೆ.

ಅನುಮಾನ ಬಂದರೆ ನದಿಯ ಮೇಲ್ಭಾಗದಲ್ಲಿ, ಸಿಲ್ವರ್‌ಟನ್ ದಾಟಿದ ಮೇಲೆ ಸಿಗುವ ಕೇಂದ್ರ 09359020ರ ಪುಟ ತೆರೆಯಿರಿ. ಹಿಮ ಕರಗಿದ ಏರಿಕೆಯಾದರೆ ಅಲ್ಲಿ ಮೊದಲೇ ಕಾಣಿಸಿರಬೇಕು. ಮೇ-ಜೂನ್‌ನಲ್ಲಿ ಗ್ರಾಫ್ ದಿನಕ್ಕೊಂದು ಅಲೆಯಂತೆ ಏರಿಳಿಯುತ್ತದೆ. ಹಗಲಿನ ಬಿಸಿಲಿಗೆ ಮೇಲೆ ಕರಗಿದ ನೀರು ಕೆಳಗೆ ಬಂದು ಮುಟ್ಟಲು ಹೊತ್ತು ಹಿಡಿಯುವುದರಿಂದ, ಮಧ್ಯಾಹ್ನದ ಅಂಕಿ ನೋಡಿ ಅದೇ ದಿನದ ಗರಿಷ್ಠ ಎಂದುಕೊಳ್ಳಬೇಡಿ. ಜುಲೈ ನಂತರದ ಚೂಪು ಏರಿಕೆಗಳು ಹೆಚ್ಚಾಗಿ ಗುಡುಗುಮಳೆಯವು. ಮುಂದಿನ ವಾರಗಳ ಅಂದಾಜಿಗೆ ಮೋಲಸ್ ಲೇಕ್‌ನ ಸ್ನೋಟೆಲ್ ಕೇಂದ್ರ, ಅಂದರೆ ಹಿಮವನ್ನು ತಾನಾಗಿ ಅಳೆಯುವ ಕೇಂದ್ರ, ನೋಡಿ. ಹಿಮದ ಎತ್ತರ ಬೇಡ, ಅದು ಕರಗಿದರೆ ಸಿಗುವ ನೀರಿನ ಇಂಚು ಬೇಕು.

ಉಪನದಿಯೊಂದರ ಹರಿವನ್ನು ನೀವೇ ಅಳೆಯುವುದಾದರೆ ನೇರವಾಗಿ ಹರಿಯುವ ಕಡೆ ದಡದಿಂದ ದಡಕ್ಕೆ ಟೇಪ್ ಕಟ್ಟಿ, 25ರಿಂದ 30 ಭಾಗ ಮಾಡಿ. ಯಾವ ಭಾಗದಲ್ಲೂ ಒಟ್ಟು ಹರಿವಿನ ಶೇ 5ಕ್ಕಿಂತ ಹೆಚ್ಚು ಇರದಂತೆ ನೋಡಿಕೊಳ್ಳಿ. ನೀರು ಜೋರಾಗಿರುವ ನಡುವಿನಲ್ಲಿ ಭಾಗಗಳು ಕಿರಿದಾಗಲಿ. ಆಳ 2.5 ಅಡಿಗಿಂತ ಕಡಿಮೆ ಇದ್ದರೆ ವೇಗಮಾಪಕವನ್ನು ಮೇಲ್ಮೈಯಿಂದ ಆಳದ 0.6ರಷ್ಟು ಕೆಳಗೆ ಹಿಡಿಯಿರಿ. 2 ಅಡಿ ಆಳಕ್ಕೆ 1.2 ಅಡಿ. ಅಲ್ಲಿ ಸೆಕೆಂಡಿಗೆ 4 ಅಡಿ ವೇಗ, ಭಾಗದ ಅಗಲ 3 ಅಡಿ ಇದ್ದರೆ 3×2×4, ಅಂದರೆ 24 ಕ್ಯೂಸೆಕ್. ಎಲ್ಲ ಭಾಗಗಳನ್ನೂ ಹೀಗೆ ಕೂಡಿಸಿ. ನೀರಲ್ಲಿ ನಿಂತು ಅಳೆಯುವವರು ನೀರು ಬರುವ ಕಡೆ, ಮಾಪಕದ ನೇರಕ್ಕೆ ನಿಂತರೆ ಕಾಲಿನ ಸುಳಿಯೇ ಅಳತೆ ಕೆಡಿಸುತ್ತದೆ. ಪಕ್ಕಕ್ಕೆ ಸರಿದು ನಿಲ್ಲಿ.

ನೀರಿಗಿಳಿಯುವ ಮುನ್ನ ಆಳವನ್ನೂ ವೇಗವನ್ನೂ ಗುಣಿಸಿ. ಮೇಲಿನ ಉದಾಹರಣೆಯಲ್ಲಿ 8 ಬರುತ್ತದೆ. 10 ಮುಟ್ಟಿದರೆ ದಡದಲ್ಲೇ ಇರಿ, ಸೇತುವೆ ಹುಡುಕಿ.