ಹಳೆಯ ಆವೋ ಮೀಟರಿನ ವಯಸ್ಸು ತಿಳಿದು ಅದರಿಂದ ಅಳೆಯುವ ಬಗೆ

ಧಾರವಾಡ ಆಕಾಶವಾಣಿ ಪ್ರಸಾರ ಆರಂಭಿಸಿದ್ದು 1950ರಲ್ಲಿ. ಅದರ ಮರುವರ್ಷ ಇಂಗ್ಲೆಂಡಿನಲ್ಲಿ ವಿದ್ಯುತ್ತನ್ನು ಅಳೆಯುವ ಮುಳ್ಳಿನ ಮೀಟರಾದ ಆವೋ ಮಾಡೆಲ್ 8 ಮಾರುಕಟ್ಟೆಗೆ ಬಂದಿತು. ಹುಬ್ಬಳ್ಳಿ-ಧಾರವಾಡದಲ್ಲಿ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರಿಗೆ ಮೊದಲಿನ, ಗಾಜಿನ ನಳಿಕೆಗಳ ರೇಡಿಯೋ) ರಿಪೇರಿ ಮಾಡುತ್ತಿದ್ದವರ ಅಟ್ಟದ ಮೇಲೋ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲೋ ಇಂಥ ಕಪ್ಪು ಮೀಟರ್ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಳೆಯ ರೇಡಿಯೋ ಸರ್ಕ್ಯೂಟ್‌ಗಳನ್ನು ಸರಿಯಾಗಿ ಓದಲು ಅದು ಇಂದಿಗೂ ಬೇಕು.

ಟೆಲಿಫೋನ್ ಲೈನುಗಳ ದುರಸ್ತಿಗೆ ಹಲವು ಮೀಟರುಗಳನ್ನು ಹೊತ್ತು ತಿರುಗಬೇಕಿದ್ದ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ, ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದರು. 1923ರಲ್ಲಿ ಬಂದ ಆ ಮೊದಲ ಮೀಟರ್ ಡಿ.ಸಿ.ಯನ್ನು (ಬ್ಯಾಟರಿಯಂತೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತನ್ನು) ಮಾತ್ರ ಅಳೆಯುತ್ತಿತ್ತು. ನಿಮ್ಮ ಕೈಯಲ್ಲಿರುವುದರ ವಯಸ್ಸು ತಿಳಿಯಲು ಸರಣಿ ಸಂಖ್ಯೆಯ ಕೊನೆಯ ಅಂಕೆಗಳನ್ನು ನೋಡಿ: ಸಾಮಾನ್ಯವಾಗಿ ಅವು ತಿಂಗಳು ಮತ್ತು ವರ್ಷವನ್ನು ಹೇಳುತ್ತವೆ, 1156 ಎಂದಿದ್ದರೆ 1956ರ ನವೆಂಬರ್.

ಮೊದಲು ಬ್ಯಾಟರಿ ಗೂಡು ತೆರೆದು, ಸೋರಿದ ಸೆಲ್‌ಗಳನ್ನು ತೆಗೆದು, ತುಕ್ಕು ಹಿಡಿದ ಸಂಪರ್ಕಗಳನ್ನು ಒರೆಸಿ. ಮಾಡೆಲ್ 8ಕ್ಕೆ ಒಂದು 1.5 ವೋಲ್ಟ್ ಸೆಲ್ ಮತ್ತು ಒಂದು 15 ವೋಲ್ಟ್ ಬ್ಯಾಟರಿ ಬೇಕು. ಎರಡನೆಯದು ಸಿಗದಿದ್ದರೆ 3 ವೋಲ್ಟಿನ ಐದು ನಾಣ್ಯ ಸೆಲ್‌ಗಳನ್ನು ಸಾಲಾಗಿ ಜೋಡಿಸಬಹುದು, ವೋಲ್ಟೇಜ್ ಮಾತ್ರ ಅಳೆಯುವುದಾದರೆ ಬ್ಯಾಟರಿಯೇ ಬೇಡ. ಹಳೆಯ ರಬ್ಬರ್ ತಂತಿಗಳನ್ನು ತಪ್ಪದೆ ಬದಲಿಸಿ, ಏಕೆಂದರೆ ವಾಲ್ವ್ ರೇಡಿಯೋದೊಳಗಿನ 250 ವೋಲ್ಟ್ ಜೀವಕ್ಕೇ ಅಪಾಯ. ಮುಳ್ಳು ಮಿತಿ ಮೀರಿದಾಗ ಕಟ್-ಔಟ್ ಗುಂಡಿ ಮೇಲೆ ಚಿಮ್ಮಿ ಸರ್ಕ್ಯೂಟನ್ನು ಕಡಿಯಬೇಕು. ಅದು ಸಿಕ್ಕಿಕೊಂಡಿದ್ದರೆ ಸರಿಪಡಿಸುವವರೆಗೆ ಮೀಟರನ್ನು ಬಳಸಬೇಡಿ. ಓದುವಾಗ ಮುಳ್ಳು ಅಳತೆಪಟ್ಟಿಯ ಕನ್ನಡಿಯಲ್ಲಿನ ತನ್ನ ಪ್ರತಿಬಿಂಬವನ್ನು ಮುಚ್ಚುವಂತೆ ನೇರ ಮೇಲಿನಿಂದ ನೋಡಿ.

ಡಿ.ಸಿ.ಯಲ್ಲಿ ಈ ಮೀಟರಿನ ಸೂಕ್ಷ್ಮತೆ ವೋಲ್ಟಿಗೆ 20,000 ಓಮ್. ಅಂದರೆ 10 ವೋಲ್ಟ್ ರೇಂಜಿನಲ್ಲಿ ಮೀಟರೇ 2 ಲಕ್ಷ ಓಮ್‌ಗಳ ರೆಸಿಸ್ಟರ್ ಆಗಿ ಸರ್ಕ್ಯೂಟಿಗೆ ಸೇರಿಕೊಳ್ಳುತ್ತದೆ. 20 ವೋಲ್ಟನ್ನು ತಲಾ 1 ಲಕ್ಷ ಓಮ್‌ಗಳ ಎರಡು ರೆಸಿಸ್ಟರ್‌ಗಳಿಂದ ಭಾಗಿಸಿದರೆ ನಡುವೆ ನಿಜವಾಗಿ ಇರುವುದು 10 ವೋಲ್ಟ್. 10ರ ರೇಂಜಿನಲ್ಲಿ ಆವೋ ಮೀಟರ್ 8 ವೋಲ್ಟ್ ಎಂದು ತೋರಿಸುತ್ತದೆ, 25ರ ರೇಂಜಿಗೆ ತಿರುಗಿಸಿದರೆ ಸುಮಾರು 9.1, ಇಂದಿನ 10 ಮೆಗಾಓಮ್ ಡಿಜಿಟಲ್ ಮೀಟರ್ 9.95. ಈ ವ್ಯತ್ಯಾಸಗಳು ಮೀಟರಿನ ದೋಷವಲ್ಲ, ಮೀಟರ್ ಸರ್ಕ್ಯೂಟಿಗೆ ಸೇರಿಕೊಂಡದ್ದರ ಫಲ. ರೇಡಿಯೋ ರಿಪೇರಿಗೆಂದು ಅಳತೆಗಳನ್ನು ಕೊಡುವ ಹಳೆಯ ಸರ್ವಿಸ್ ಹಾಳೆಗಳಲ್ಲಿನ ವೋಲ್ಟೇಜುಗಳು ಹೆಚ್ಚಾಗಿ ಇಂಥ ಮುಳ್ಳಿನ ಮೀಟರಿನಿಂದ ಅಳೆದವು. ಆದ್ದರಿಂದ ಡಿಜಿಟಲ್ ಮೀಟರ್ ಹೆಚ್ಚು ತೋರಿಸಿತೆಂದು ವಾಲ್ವ್ ಬದಲಿಸುವ ಮೊದಲು, ಹಾಳೆಯಲ್ಲಿ ಓಮ್-ಪ್ರತಿ-ವೋಲ್ಟ್ ಅಂಕಿ ಇದೆಯೇ ಎಂದು ಹುಡುಕಿ, ಇದ್ದರೆ ಅದಕ್ಕೆ ಹೊಂದುವ ಮೀಟರಿನಿಂದ ಇನ್ನೊಮ್ಮೆ ಅಳೆಯಿರಿ.