ಹೆಸರು ಬಿಟ್ಟು ಜಮೀನು ಹಿಡಿದೆ: ಮಧ್ಯಯುಗದ ಇಂಗ್ಲಿಷ್ ವಂಶಾವಳಿ ಹುಡುಕಿದ ಅನುಭವ

ಮಧ್ಯಯುಗದ ಇಂಗ್ಲೆಂಡಿನ ಮನೆತನಗಳ ವಂಶಾವಳಿ ಬಿಡಿಸುವುದು ನನ್ನ ಹಳೆಯ ಹವ್ಯಾಸ. ಆ ಕಾಲಕ್ಕೆ ಜನನ ಮರಣದ ಪುಸ್ತಕಗಳೇ ಇಲ್ಲ. ನಾಮಕರಣ, ಮದುವೆ, ಸಾವುಗಳನ್ನು ಚರ್ಚುಗಳು ಬರೆದಿಡಬೇಕೆಂಬ ಆದೇಶ ಬಂದದ್ದು 1538ರಲ್ಲಿ. ಅದಕ್ಕೂ ಹಿಂದೆ ಯಾರು ಯಾರ ಮಕ್ಕಳು ಅಂತ ಹೇಳುವುದು ಮುಖ್ಯವಾಗಿ ಆಸ್ತಿಯ ದಾಖಲೆಗಳೇ. ಹಾಗಾಗಿ ನಾನು ಮನೆತನದ ಹೆಸರು ಹಿಡಿದು ಹುಡುಕುವುದಿಲ್ಲ. ಒಂದು ಊರು ಹಿಡಿಯುತ್ತೇನೆ. ಅದು ಯಾರಿಂದ ಯಾರಿಗೆ ಹೋಯಿತೆಂದು ನೋಡುತ್ತಾ ಹೋಗುತ್ತೇನೆ. ಆಸ್ತಿ ಮಗಳ ಪಾಲಿಗೆ ಬಂದರೆ ಮನೆತನದ ಹೆಸರು ಬದಲಾಗುತ್ತದೆ, ಜಮೀನು ಇದ್ದಲ್ಲೇ ಇರುತ್ತದೆ ಅಲ್ವಾ?

ನನಗೆ ಇದನ್ನು ಕಲಿಸಿದ್ದು ಸಫೊಕ್ ಕೌಂಟಿಯ ಕ್ಲೇರ್ ಎಂಬ ಊರು. ಅದರ ಒಡೆಯ ಗಿಲ್ಬರ್ಟ್ ಡಿ ಕ್ಲೇರ್, ಗ್ಲಾಸ್ಟರ್‌ನ ಅರ್ಲ್. 1314ರ ಜೂನ್ 24ರಂದು ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸತ್ತ. ಮಕ್ಕಳಿರಲಿಲ್ಲ.

ರಾಜನಿಂದ ನೇರವಾಗಿ ಜಮೀನು ಪಡೆದವನು ಸತ್ತರೆ, ಎಸ್ಚೀಟರ್ ಎಂಬ ಅಧಿಕಾರಿ ಪ್ರತಿ ಕೌಂಟಿಯಲ್ಲೂ ಸ್ಥಳೀಯರನ್ನು ಸೇರಿಸಿ, ಪ್ರಮಾಣ ಮಾಡಿಸಿ ವಿಚಾರಿಸುತ್ತಿದ್ದ. ಏನೇನು ಜಮೀನಿತ್ತು, ಯಾರಿಂದ ಪಡೆದದ್ದು, ಬದಲಿಗೆ ಏನು ಸೇವೆ, ವರ್ಷದ ಹುಟ್ಟುವಳಿ ಎಷ್ಟು, ಯಾವತ್ತು ಸತ್ತ, ವಾರಸುದಾರ ಯಾರು, ಅವನ ವಯಸ್ಸೆಷ್ಟು. ಈ ದಾಖಲೆಗೆ ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಮ್ ಎಂದು ಹೆಸರು. 1230ರ ದಶಕದಿಂದ 17ನೇ ಶತಮಾನದ ನಡುವಿನವರೆಗೆ ಇವೆ. ಲ್ಯಾಟಿನ್ ಮೂಲಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಇಂಗ್ಲಿಷ್ ಸಾರಾಂಶದ ಹಳೆಯ ಸಂಪುಟಗಳು ಆನ್‌ಲೈನಿನಲ್ಲೇ ಸಿಗುತ್ತವೆ. ನಾನು ಶುರು ಮಾಡುವುದು ಯಾವಾಗಲೂ ಅಲ್ಲಿಂದಲೇ.

ರಾಜನಿಗೆ ವಯಸ್ಸು ಯಾಕೆ ಬೇಕಿತ್ತು? ವಾರಸುದಾರ ಮೈನರ್ ಆಗಿದ್ದರೆ, ಅವನು ದೊಡ್ಡವನಾಗುವವರೆಗೆ ಜಮೀನಿನ ಆದಾಯವೂ ಅವನ ಮದುವೆ ಮಾಡಿಸುವ ಹಕ್ಕೂ ರಾಜನವು. ಆದರೂ ಆ ವಯಸ್ಸನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದೇ ಹುಡುಗನಿಗೆ ಒಂದು ಕೌಂಟಿಯವರು ಒಂದು ವಯಸ್ಸು, ಇನ್ನೊಂದು ಕೌಂಟಿಯವರು ಬೇರೆ ವಯಸ್ಸು ಹೇಳಿರುತ್ತಾರೆ. ‘21 ಮತ್ತು ಜಾಸ್ತಿ’ ಎಂದಿದ್ದರೆ ಮೈನರ್ ಅಲ್ಲ ಅಂತಷ್ಟೇ ತಿಳಿಯಬೇಕು. ಅವನಿಗೆ 40 ಆಗಿರಲೂಬಹುದು.

ಕ್ಲೇರ್‌ಗೆ ಬರೋಣ. ಗಂಡುಮಕ್ಕಳಿದ್ದರೆ ಹಿರಿಯನಿಗೇ ಎಲ್ಲ. ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಮಕ್ಕಳೇ ಇಲ್ಲದೆ ಸತ್ತವನಿಗೆ ಸಹೋದರರೂ ಇಲ್ಲದಿದ್ದರೆ ಅಕ್ಕತಂಗಿಯರಿಗೆ ಸಮಪಾಲು. ಗಿಲ್ಬರ್ಟ್‌ನ ಅಪ್ಪನಿಗೆ ಎರಡು ಮದುವೆ. ಮೊದಲ ಹೆಂಡತಿಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಎರಡನೆಯವಳು 1ನೇ ಎಡ್ವರ್ಡ್ ರಾಜನ ಮಗಳು ಜೋನ್. ಅವಳಿಗೆ ಗಿಲ್ಬರ್ಟ್ ಮತ್ತು ಮೂವರು ಹೆಣ್ಣುಮಕ್ಕಳು. ಅಲ್ಲಿಗೆ ಐವರು ಸಹೋದರಿಯರು, ಆದರೆ ಪಾಲು ಬಂದದ್ದು ಮೂವರಿಗೆ. 1290ರಲ್ಲಿ ಮದುವೆಯ ಹೊತ್ತಿಗೇ ಅಪ್ಪ ಆಸ್ತಿಯನ್ನೆಲ್ಲ ರಾಜನಿಗೆ ಒಪ್ಪಿಸಿ, ತನಗೂ ಜೋನ್‌ಗೂ ಹುಟ್ಟುವ ಮಕ್ಕಳಿಗೆ ಸೇರುವಂತೆ ವಾಪಸ್ ಬರೆಸಿಕೊಂಡಿದ್ದ. ಅದಿಲ್ಲದಿದ್ದರೂ ಕಾನೂನು ಮಲಸಹೋದರಿಯರಿಗೆ ಪಾಲು ಕೊಡುತ್ತಿರಲಿಲ್ಲ. ಬೇರೆ ತಾಯಿಯ ಮಕ್ಕಳು ಒಬ್ಬರ ಆಸ್ತಿಗೆ ಒಬ್ಬರು ವಾರಸುದಾರರಾಗುವಂತಿರಲಿಲ್ಲ. 1833ರವರೆಗೂ ಹಾಗೇ ಇತ್ತು. ಆದ್ದರಿಂದ ಸತ್ತವನ ಜಮೀನು ದೂರದ ಸಂಬಂಧಿಗೆ ಹೋಗಿದ್ದು ಕಂಡರೆ, ಹತ್ತಿರದವರೆಲ್ಲ ಸತ್ತಿದ್ದರು ಅಂತ ನಾನು ಬರೆದುಕೊಳ್ಳುವುದಿಲ್ಲ. ಮೊದಲು ತಾಯಂದಿರು ಎಷ್ಟು ಮಂದಿ ಎಂದು ಹುಡುಕುತ್ತೇನೆ.

ಗಿಲ್ಬರ್ಟ್‌ನ ವಿಧವೆ ಮಾಡ್ ತಾನು ಬಸುರಿ ಎಂದಳು. ಮಗು ಹುಟ್ಟಲಿಲ್ಲ, ಪಾಲು ಮಾತ್ರ 1317ರವರೆಗೆ ಮುಂದೆ ಹೋಯಿತು. ಕೊನೆಗೆ ಆ ಮೂವರು ಸಹೋದರಿಯರಲ್ಲಿ ಎಲಿನರ್‌ಗೆ ವೇಲ್ಸ್‌ನ ಗ್ಲಾಮೊರ್ಗನ್, ಮಾರ್ಗರೆಟ್‌ಗೆ ಟನ್‌ಬ್ರಿಜ್ ಮತ್ತು ನ್ಯೂಪೋರ್ಟ್, ಎಲಿಜಬೆತ್‌ಗೆ ಕ್ಲೇರ್ ಮತ್ತು ಅಸ್ಕ್. ಕೇಂಬ್ರಿಜ್‌ನ ಕ್ಲೇರ್ ಕಾಲೇಜಿಗೆ ಹೆಸರು ಬಂದದ್ದು ಈ ಎಲಿಜಬೆತ್‌ಳಿಂದಲೇ. ಅವಳಿಗೆ ಮೂರು ಮದುವೆಯಾದರೂ ಮೊದಲ ಗಂಡನ ಡಿ ಬರ್ಗ್ ಹೆಸರನ್ನೇ ಉಳಿಸಿಕೊಂಡಳು.

ಅವಳು ತೀರಿಕೊಂಡದ್ದು 1360ರಲ್ಲಿ. ಮಗ ವಿಲಿಯಂ 1333ರಲ್ಲೇ ಕೊಲೆಯಾಗಿದ್ದ. ಕ್ಲೇರ್ ಮೊಮ್ಮಗಳಿಗೆ ಬಂತು. ಅವಳ ಗಂಡ 3ನೇ ಎಡ್ವರ್ಡ್‌ನ ಮಗ ಲಯನಲ್. ಅವರ ಮಗಳು ಫಿಲಿಪ್ಪ ಮಾರ್ಟಿಮರ್ ಮನೆಗೆ ಸೊಸೆಯಾದಳು. 1425ರಲ್ಲಿ ಅವಳ ಮೊಮ್ಮಗ ಎಡ್ಮಂಡ್ ಮಾರ್ಟಿಮರ್ ಮಕ್ಕಳಿಲ್ಲದೆ ಸತ್ತ. ಅವನ ಅಕ್ಕ ಆನ್‌ಳ ಮಗ, ಯಾರ್ಕ್‌ನ ಡ್ಯೂಕ್ ರಿಚರ್ಡ್, ವಾರಸುದಾರ. ಆ ರಿಚರ್ಡ್‌ನ ಮಗನೇ 1461ರಲ್ಲಿ 4ನೇ ಎಡ್ವರ್ಡ್ ರಾಜನಾದವನು. ಕ್ಲೇರ್ ಹೆಸರು ಹಿಡಿದು ಹೊರಟಿದ್ದರೆ ದಾರಿ 1314ಕ್ಕೇ ಮುಗಿಯುತ್ತಿತ್ತು. ಊರು ಹಿಡಿದದ್ದರಿಂದ ಸಿಂಹಾಸನದವರೆಗೆ ಬಂದೆ.

ವಿಧವೆಯ ಪಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಗಂಡನ ಜಮೀನಿನ ಮೂರನೇ ಒಂದು ಭಾಗ ಅವಳು ಬದುಕಿರುವವರೆಗೆ ಅವಳದು. ಅವಳು ಸತ್ತಾಗ ಆ ಭಾಗಕ್ಕೆ ಹೇಳುವ ವಾರಸುದಾರ ಗಂಡನ ವಾರಸುದಾರ. ಅವನು ಅವಳ ಮಲಮಗ ಇರಬಹುದು, ಗಂಡನ ತಮ್ಮನೂ ಇರಬಹುದು. ಸುಮ್ನೆ ಅವಳ ಮಗ ಎಂದು ಬರೆದುಕೊಂಡರೆ ಇಡೀ ವಂಶಾವಳಿ ತಪ್ಪುತ್ತದೆ.

ಕಿರಿಯ ಮಕ್ಕಳು ಈ ವಿಚಾರಣೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಅವರನ್ನು ನಾನು ಫೀಟ್ ಆಫ್ ಫೈನ್ಸ್‌ನಲ್ಲಿ ಹುಡುಕುತ್ತೇನೆ. ಜಮೀನಿನ ಒಪ್ಪಂದವನ್ನು ಒಂದೇ ಚರ್ಮದ ಹಾಳೆಯ ಮೇಲೆ ಮೂರು ಸಲ ಬರೆದು ಕತ್ತರಿಸುತ್ತಿದ್ದರು. ಕೆಳಗಿನ ತುಂಡು ಕೋರ್ಟಿನಲ್ಲೇ ಉಳಿಯುತ್ತಿತ್ತು. ಈ ಪದ್ಧತಿ ಶುರುವಾದದ್ದು 1195ರಲ್ಲಿ. ‘ಇವನಿಗೆ ಸಂತಾನವಿಲ್ಲದೆ ಹೋದರೆ ಇವನ ತಮ್ಮನಿಗೆ, ಅವನಿಗೂ ಇಲ್ಲದಿದ್ದರೆ ತಂಗಿಗೆ’ ಎಂಬ ಸಾಲು ಸಿಕ್ಕರೆ ಒಂದು ಕುಟುಂಬವೇ ಸಿಕ್ಕ ಹಾಗೆ. ಆ ಸಾಲುಗಳನ್ನು ಓದುವಾಗ ಇವತ್ತಿಗೂ ನನಗೆ ತುಂಬಾ ಖುಷಿಯಾಗುತ್ತದೆ.

ಇನ್ನು ಜನರ ನಡುವಿನ ವ್ಯಾಜ್ಯಗಳನ್ನು ನಡೆಸುತ್ತಿದ್ದ ಕಾಮನ್ ಪ್ಲೀಸ್ ಕೋರ್ಟಿನ ಸುರುಳಿಗಳು. ಹ್ಯೂಸ್ಟನ್ ವಿಶ್ವವಿದ್ಯಾಲಯದವರು ಇವುಗಳ ಫೋಟೋಗಳನ್ನು ಉಚಿತವಾಗಿ ಹಾಕಿದ್ದಾರೆ. ವಾದಿ ತನ್ನ ಹಕ್ಕು ತೋರಿಸಲು ನಾಲ್ಕೈದು ತಲೆಮಾರು ಹೇಳಿಕೊಂಡಿರುತ್ತಾನೆ. ಆದರೆ ಅದು ಅವನ ವಾದ. ಬೇರೆ ದಾಖಲೆ ಸಿಗುವವರೆಗೆ ಪೆನ್ಸಿಲ್ಲಿನಲ್ಲೇ ಬರೆದಿಡುತ್ತೇನೆ.

ಇಷ್ಟೆಲ್ಲ ದೊಡ್ಡವರ ಕಥೆಯಾಯಿತು. ರೈತರ ವಂಶ ಬೇಕಾದರೆ ಮೇನರ್ ಕೋರ್ಟಿನ, ಅಂದರೆ ಜಮೀನಿನ ಒಡೆಯ ತನ್ನ ರೈತರಿಗೆ ನಡೆಸುತ್ತಿದ್ದ ಕೋರ್ಟಿನ, ಸುರುಳಿಗಳನ್ನು ನೋಡಬೇಕು. ರೈತ ಸತ್ತರೆ ಒಡೆಯ ಒಳ್ಳೆಯ ಒಂದು ದನ ಹಿಡಿದುಕೊಂಡು ಹೋಗುತ್ತಿದ್ದ. ಮಗ ಹಣ ಕಟ್ಟಿ ಹೊಲ ಬಿಡಿಸಿಕೊಳ್ಳುತ್ತಿದ್ದ. ಎರಡೂ ಸುರುಳಿಯಲ್ಲಿ ದಾಖಲಾಗುತ್ತಿದ್ದವು. ಇಲ್ಲಿ ಮೊದಲು ಆ ಊರಿನ ಪದ್ಧತಿ ತಿಳಿದುಕೊಳ್ಳಿ. ಕೆಲವು ಕಡೆ ಹೊಲ ಕಿರಿಯ ಮಗನಿಗೆ. ಕೆಂಟ್ ಕೌಂಟಿಯಲ್ಲಿ ಗಂಡುಮಕ್ಕಳಿಗೆಲ್ಲ ಸಮಪಾಲು. ಯಾವ ಊರಿನ ಸುರುಳಿ ಎಲ್ಲಿದೆ ಎಂಬುದಕ್ಕೆ ನ್ಯಾಷನಲ್ ಆರ್ಕೈವ್ಸ್‌ನ ಮೇನೋರಿಯಲ್ ಡಾಕ್ಯುಮೆಂಟ್ಸ್ ರಿಜಿಸ್ಟರ್ ಇದೆ. ಊರಿನ ಹೆಸರು ಹಾಕಿ ಹುಡುಕಿದರೆ ಸಾಕು.