ಜೀನ್ ಹ್ಯಾಕ್‌ಮನ್ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಬೇಕು?

ಹಾಲಿವುಡ್ ನಟ ಜೀನ್ ಹ್ಯಾಕ್‌ಮನ್ 2025ರ ಫೆಬ್ರುವರಿಯಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಚಿತ್ರಗಳನ್ನು ಹುಡುಕಿ ನೋಡಲು ಹೊರಟ ಹಲವರು, ‘ಸೂಪರ್‌ಮ್ಯಾನ್’ (1978) ಚಿತ್ರದ ಖಳ ಲೆಕ್ಸ್ ಲೂಥರ್‌ನಿಂದ ಆರಂಭಿಸಿ, ಯೂಟ್ಯೂಬಿನ ನಾಲ್ಕಾರು ತುಣುಕುಗಳನ್ನು ನೋಡಿ, ಅಷ್ಟಕ್ಕೇ ಕೈಬಿಟ್ಟದ್ದನ್ನು ಕಂಡಿದ್ದೇನೆ. ತುಣುಕುಗಳಲ್ಲಿ ಸಿಗುವುದು ಅವರ ಕೂಗಾಟ ಮಾತ್ರ. ಅವರ ನಟನೆಯ ತಿರುಳು ಇರುವುದು ಕಾಯುವಲ್ಲಿ, ಕೇಳಿಸಿಕೊಳ್ಳುವಲ್ಲಿ.

ಮೊದಲ ಹಂತ, ‘ದ ಫ್ರೆಂಚ್ ಕನೆಕ್ಷನ್’ (1971). ಶ್ರೇಷ್ಠ ನಟ ಆಸ್ಕರ್ ತಂದುಕೊಟ್ಟ ಈ ಚಿತ್ರದಲ್ಲಿ ಎಲ್ಲರೂ ಕಾರಿನ ಬೆನ್ನಟ್ಟುವಿಕೆಗಾಗಿ ಕಾದು ಕೂರುತ್ತಾರೆ. ಅದಕ್ಕಿಂತ ಮುಂಚೆ, ಕಳ್ಳಸಾಗಣೆದಾರರು ಬೆಚ್ಚಗಿನ ಹೋಟೆಲಿನೊಳಗೆ ಸಾವಕಾಶವಾಗಿ ಊಟ ಮಾಡುವಾಗ ಹ್ಯಾಕ್‌ಮನ್‌ರ ಪೊಲೀಸ್ ಪತ್ತೇದಾರ ಹೊರಗೆ ಕೊರೆಯುವ ಚಳಿಯಲ್ಲಿ ನಿಂತು ಪಿಜ್ಜಾ ತಿನ್ನುತ್ತಾ, ಕುಡಿಯಲಾಗದ ಕಾಫಿಯನ್ನು ನೆಲಕ್ಕೆ ಸುರಿಯುವ ದೃಶ್ಯವನ್ನು ಗಮನಿಸಿ. ಇದರ ಎರಡನೆಯ ಭಾಗವನ್ನು ಸದ್ಯಕ್ಕೆ ಬಿಡಿ.

ಎರಡನೆಯ ಹಂತ ‘ದ ಕಾನ್ವರ್ಸೇಷನ್’ (1974), ಎಲ್ಲರೂ ಎಡವುವುದು ಇಲ್ಲಿಯೇ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ನಿರ್ದೇಶನದ, ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಅವರು ಪರರ ಮಾತನ್ನು ಕದ್ದು ಧ್ವನಿಮುದ್ರಿಸುವ ಹ್ಯಾರಿ ಕಾಲ್. ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರಿನಲ್ಲಿ ಅಡ್ಡಾಡುವ ಜೋಡಿಯ ಮಾತುಗಳನ್ನು ಅವನು ಟೇಪುಗಳಿಂದ ಮತ್ತೆ ಮತ್ತೆ ಕೇಳಿಸಿಕೊಳ್ಳುವುದರಲ್ಲೇ ಕಥೆ ನಡೆಯುತ್ತದೆ. ಆದ್ದರಿಂದ ಇದನ್ನು ಮೊಬೈಲಿನ ಸ್ಪೀಕರಿನಲ್ಲಾಗಲಿ, ಫ್ಯಾನಿನ ಸದ್ದಿನಡಿಯಲ್ಲಾಗಲಿ ನೋಡಬಾರದು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕೇಬೇಕು. ಟಿ.ವಿ.ಯಲ್ಲಿ ಮಾತನ್ನು ಮಾತ್ರ ಎತ್ತಿ ಕೇಳಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಬಿಡಿ, ಏಕೆಂದರೆ ಕರಕರ ಸದ್ದಿನಡಿ ಹೂತ ಮಾತನ್ನು ಹ್ಯಾರಿಯ ಜೊತೆಗೇ ನಾವೂ ಹೆಕ್ಕಬೇಕು. ಸಬ್‌ಟೈಟಲ್ ಮೊದಲ ಸಲಕ್ಕೆ ಇರಲಿ, ಎರಡನೆಯ ಸಲ ಬೇಡ: ಇಡೀ ಕಥೆ ಒಂದು ವಾಕ್ಯದಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ತಿರುಗುತ್ತದೆ, ಅಕ್ಷರಗಳಲ್ಲಿ ಆ ಒತ್ತು ಕಾಣುವುದಿಲ್ಲ.

ಮೊದಲ ಅರ್ಧ ಗಂಟೆ ಏನೂ ನಡೆಯುತ್ತಿಲ್ಲ ಎನಿಸಿದಾಗ ಓಡಿಸಬೇಡಿ. ಹಲವು ಬೀಗಗಳ ಮನೆಗೆ ಹ್ಯಾರಿ ಬಂದಾಗ, ಮನೆಯೊಡತಿ ಹುಟ್ಟುಹಬ್ಬಕ್ಕೆಂದು ಒಳಗಿಟ್ಟುಹೋದ ವೈನ್ ಬಾಟಲಿ ಕಾಣುತ್ತದೆ. ಅವಳಿಗೆ ಫೋನ್ ಮಾಡಿ ಸೌಜನ್ಯದಿಂದ ಧನ್ಯವಾದ ಹೇಳುತ್ತಲೇ, ಒಳಗೆ ಬಂದದ್ದು ಹೇಗೆಂದು ವಿಚಾರಿಸುವ ಆ ಧ್ವನಿಯಲ್ಲಿ ಭಯವೂ ಸಿಟ್ಟೂ ಸಂಕೋಚವೂ ಒಂದರ ಕೆಳಗೊಂದು ಅಡಗಿವೆ. ಮುಖ ಮಾತ್ರ ಅಲುಗುವುದಿಲ್ಲ. ನನ್ನ ಮಟ್ಟಿಗೆ ಆಸ್ಕರ್ ಸಿಗಬೇಕಿದ್ದದ್ದು ಈ ಪಾತ್ರಕ್ಕೆ, ನಾಮನಿರ್ದೇಶನವೂ ದಕ್ಕಲಿಲ್ಲ.

ಮನಸ್ಸು ಭಾರವಾಗಿದ್ದರೆ ಅದೇ ವರ್ಷದ ‘ಯಂಗ್ ಫ್ರಾಂಕೆನ್‌ಸ್ಟೈನ್’ನಲ್ಲಿ, ರಾಕ್ಷಸನ ತೊಡೆಯ ಮೇಲೆ ಬಿಸಿ ಸೂಪು ಸುರಿಯುವ ಕುರುಡ ಸನ್ಯಾಸಿಯಾಗಿ ಅವರನ್ನು ನೋಡಿ.

‘ಹೂಸಿಯರ್ಸ್’ (1986), ‘ಮಿಸಿಸಿಪ್ಪಿ ಬರ್ನಿಂಗ್’ (1988) ಎರಡನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸಬಹುದು.

ಮುಂದಿನದು ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನದ ‘ಅನ್‌ಫರ್ಗಿವನ್’ (1992), ಪೋಷಕ ನಟನಾಗಿ ಎರಡನೆಯ ಆಸ್ಕರ್ ತಂದ ಚಿತ್ರ. ಶೆರಿಫ್ ಲಿಟಲ್ ಬಿಲ್ ಜನರನ್ನು ಒದೆಯುವುದನ್ನಷ್ಟೇ ನೋಡಿ ಖಳನೆಂದು ತೀರ್ಮಾನಿಸುವವರು, ಅವನು ತನ್ನ ಕೈಯಾರೆ ಕಟ್ಟುತ್ತಿರುವ ಮನೆಯನ್ನು ಮರೆಯುತ್ತಾರೆ. ಮಳೆ ಬಂದರೆ ಸೋರುವ ಆ ಮಾಡಿನ ಕೆಳಗೆ ಕುಳಿತು ಹರಟುವ ಬಿಲ್ ಎಷ್ಟು ಆತ್ಮೀಯನೋ, ಚಾವಟಿ ಹಿಡಿದಾಗ ಅಷ್ಟೇ ನಿರ್ದಯಿ. ಈ ಎರಡರ ನಡುವೆ ಹ್ಯಾಕ್‌ಮನ್ ಧ್ವನಿ ಬದಲಿಸುವುದೇ ಇಲ್ಲ.

ಕೊನೆಗೆ ‘ದ ರಾಯಲ್ ಟೆನೆನ್‌ಬಾಮ್ಸ್’ (2001): ಕುಟುಂಬದೊಳಗೆ ಮರಳಿ ನುಸುಳಲು ಹೊಟ್ಟೆಯ ಕ್ಯಾನ್ಸರ್ ಎಂದು ಸುಳ್ಳು ಹೇಳುವ ಅಪ್ಪ. 2004ರ ‘ವೆಲ್‌ಕಮ್ ಟು ಮೂಸ್‌ಪೋರ್ಟ್’ ಅವರ ಕಡೆಯ ಚಿತ್ರವೆಂಬ ಕಾರಣಕ್ಕೆ ಅದನ್ನೂ ನೋಡಲೇಬೇಕೆಂದು ಹಠ ಹಿಡಿಯಬೇಡಿ; ಆ ಎರಡು ಗಂಟೆಯನ್ನು ‘ದ ಕಾನ್ವರ್ಸೇಷನ್’ನ ಎರಡನೆಯ ವೀಕ್ಷಣೆಗೆ ಕೊಡಿ.